ಕೆಂಪು ದಾರ ಕಟ್ಟಿದ ಹಗ್ಗ

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಈಗ ಹಗ್ಗ ನೋಡುವುದಕ್ಕೂ ಕೋಚಿಂಗ್ ಬಂದಿದೆ. ಸಾಫ್ಟ್‌ವೇರ್ ಕಲಿಸುವ ಬೋರ್ಡುಗಳ ಸಂದಿಯಲ್ಲಿ, ಮೂರನೇ ಮಹಡಿಯ ಒಂದು ಕೋಣೆಯಲ್ಲಿ, ಕ್ಯಾಂಪಿಂಗ್ ಸಾಮಾನಿನ ಸುರಕ್ಷತೆಯ ಬಗ್ಗೆ ಮೂರು ದಿನದ ತರಗತಿ ನಡೆಯುತ್ತದೆ. ಅದನ್ನು ನಡೆಸುವವಳು ಹುಬ್ಬಳ್ಳಿ ಕಡೆಯ ಹುಡುಗಿ. ಹೋದ ತಿಂಗಳು ನನ್ನನ್ನು ಕರೆಸಿ, ಚಹಾ ಕೊಟ್ಟು, "ನಿಮ್ಮ ಅನುಭವದ್ದು ನಾಕು ಮಾತು ಬರದು ಕೊಡ್ರಿ ಆಂಟಿ, ಹೊಸಬರಿಗೆ ಹುರುಪು ಬರ್ಲಿ" ಎಂದಳು. ನಾನು ಕೋಣೆಯಲ್ಲೆಲ್ಲ ಕಣ್ಣಾಡಿಸಿ, ಹಗ್ಗ ಎಲ್ಲಿದೆ ಎಂದು ಕೇಳಿದೆ. "ಫೋಟೋ ಅದಾವ್ರಿ, ಪರದೆ ಮ್ಯಾಲ ತೋರಿಸ್ತೀವಿ" ಎಂದಳು.

ಮೈ ಉರಿದುಹೋಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಮೆಟ್ರೋದಲ್ಲಿ ಕೂತ ಮೇಲೆ ಅನ್ನಿಸಿತು, ಬರೆದೇ ಕೊಡುತ್ತೇನೆ. ಹುರುಪಿಗಾಗಿ ಬರೆಯುವುದಿಲ್ಲ. ಕನ್ನಡದಲ್ಲಿ ಬರೆಯುತ್ತೇನೆ, ತೆಲುಗಿಗೋ ಇಂಗ್ಲಿಷಿಗೋ ಅವಳೇ ಮಾಡಿಕೊಳ್ಳಲಿ. ನಲವತ್ತು ವರ್ಷ ಈ ಊರಿನಲ್ಲಿ ನಾಲ್ಕು ಭಾಷೆ ಆಡಿದ್ದೇನೆ, ಆದರೆ ಸಿಟ್ಟು ನನಗೆ ಸರಿಯಾಗಿ ಬರುವುದು ಕನ್ನಡದಲ್ಲೇ.

ನಾನು ಮಾಡುತ್ತಿದ್ದ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಹ್ಯಾಮಕ್ ಎಂದರೆ ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ಜೋಲಿ. ವಾರವೆಲ್ಲ ಕುರ್ಚಿಯಲ್ಲಿ ಕೂತು ಬೆನ್ನು ಹಿಡಿದುಕೊಂಡ ಕೊಂಡಾಪುರದ ಸಾಫ್ಟ್‌ವೇರ್ ಮಕ್ಕಳು ಶನಿವಾರ ಬಂತೆಂದರೆ ವಿಕಾರಾಬಾದಿನ ಗುಡ್ಡಕ್ಕೆ ಹೋಗಿ ಅದರಲ್ಲಿ ಮಲಗುತ್ತಾರೆ. ಬಟ್ಟೆ ಹರಿಯುವುದು ಅಪರೂಪ. ಅದನ್ನು ಮರಕ್ಕೆ ಹಿಡಿದುಕೊಂಡಿರುವ ಹಗ್ಗ, ಪಟ್ಟಿ, ಕೊಕ್ಕೆ, ಇವು ಕೈಕೊಡುತ್ತವೆ. ಪ್ರತಿ ಸೋಮವಾರ ವಾಪಸು ಬಂದ ಹಗ್ಗಗಳನ್ನೆಲ್ಲ ಒಂದೊಂದಾಗಿ ನೋಡಿ, ಇದು ಮತ್ತೆ ಹೋಗಬಹುದು, ಇದು ಹೋಗಬಾರದು ಎಂದು ಹೇಳುವುದು ನನ್ನ ಕೆಲಸ. ಹೆಸರು ಸುಶೀಲಾ. ಮೊದಲ ಕೆಲಸದಲ್ಲಿ ನನ್ನನ್ನು ಸುಶೀಲಾಬಾಯಿ ಅನ್ನುತ್ತಿದ್ದರು, ಎರಡನೆಯದರಲ್ಲಿ ಆಂಟಿ. ಈ ಎರಡರ ನಡುವೆ ಏನು ಕೆಟ್ಟಿತು ಎಂಬುದೇ ನನ್ನ ಕಥೆ.

ಮೊದಲ ಕೆಲಸ ಸಿಕಂದರಾಬಾದಿನ ಒಂದು ಡೇರೆ ಹೊಲಿಯುವ ಕಾರ್ಖಾನೆಯಲ್ಲಿ. ನಮ್ಮಪ್ಪ ರಾಯಚೂರಿನಿಂದ ಬಂದು ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರು ಹೋದ ಮೇಲೆ ಹಿರಿಮಗಳಾದ ನಾನು ಸಿಕ್ಕ ಕೆಲಸಕ್ಕೆ ಸೇರಿದೆ. ಅಲ್ಲಿ ಹಗ್ಗದ ವಿಭಾಗಕ್ಕೆ ಖಾದರ್ ಉಸ್ತಾದರು ಇದ್ದರು. ಅವರು ಹಗ್ಗವನ್ನು ಕಣ್ಣಿನಿಂದ ನೋಡಿದ್ದನ್ನು ನಾನು ಕಾಣೆ. ಕಿಟಕಿಯ ಕಡೆ ಮುಖ ಮಾಡಿ ಕೂತು, ಯಾರೊಂದಿಗೋ ಹರಟುತ್ತ, ಹಗ್ಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆಯುತ್ತ ಹೋಗುವರು. ಎಲ್ಲೋ ಒಂದು ಕಡೆ ಮಾತು ನಿಲ್ಲುತ್ತಿತ್ತು. ಅಲ್ಲಿ ಹಗ್ಗವನ್ನು ಹಿಂದಕ್ಕೆ ತಿರುವಿ, ಎಳೆ ಬಿಡಿಸಿ, ಒಳಗೆ ಉಗುರು ಹಾಕಿ ನೋಡಿದರೆ ಸವೆದಿರುತ್ತಿತ್ತು. ಬಿಸಿಲು ತಿಂದ ಹಗ್ಗ ಕೈಗೆ ಗರಗರ ಅನ್ನುತ್ತದೆ, ತೇವದಲ್ಲಿ ಕೊಳೆತದ್ದು ಮೂಗಿಗೆ ತಿಳಿಯುತ್ತದೆ, ಕೊಕ್ಕೆಯ ಮೇಲೆ ಮಡಿಚಿಕೊಂಡ ಜಾಗ ಎಲ್ಲಕ್ಕಿಂತ ಮೊದಲು ಹೋಗುತ್ತದೆ ಎಂದು ನಾನು ಕಲಿತದ್ದು ಅವರ ಪಕ್ಕದಲ್ಲಿ ಕೂತು.

ಉಸ್ತಾದರ ಎರಡು ಕಟ್ಟಳೆಗಳಿದ್ದವು. ತಾವು ಸರಿ ಎಂದ ಹಗ್ಗಕ್ಕೆ ತಾವೇ ಮೊದಲು ಜೋತುಬೀಳುತ್ತಿದ್ದರು. ಕಾರ್ಖಾನೆಯ ತೊಲೆಗೆ ಕಟ್ಟಿ, ಆ ವಯಸ್ಸಿನಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು ನೇತಾಡುವುದನ್ನು ಕಂಡು ನಾವು ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದೆವು. ಎರಡನೆಯದು, ಬೇಡವೆಂದ ಹಗ್ಗವನ್ನು ಆ ಕ್ಷಣವೇ ಗೇಣುದ್ದದ ತುಂಡು ಮಾಡಬೇಕು. "ಪೂರಾ ನಕ್ಕೋ ಛೋಡೋ ಬಾಯಿ, ಕಾಟ್ ಕೆ ಡಾಲೋ." ಇಡಿಯಾಗಿ ಬಿಡಬೇಡ, ಕತ್ತರಿಸಿ ಹಾಕು. ನಾನೊಮ್ಮೆ ಇಷ್ಟುದ್ದದ ಹಗ್ಗ ಹಾಳಾಗುತ್ತದಲ್ಲ ಎಂದು ಮರುಗಿದ್ದಕ್ಕೆ, ಇಡೀ ಹಗ್ಗ ಕಂಡರೆ ಯಾರಾದರೂ ಅದಕ್ಕೆ ಏನಾದರೂ ಕಟ್ಟಿಯೇ ಕಟ್ಟುತ್ತಾರೆ ಎಂದಿದ್ದರು. ಆ ಮಾತನ್ನು ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕಾರ್ಖಾನೆ ಮುಚ್ಚಿತು. ಆಮೇಲೆ ಕೊಂಡಾಪುರದ ಒಂದು ಕ್ಯಾಂಪಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನನ್ನ ಗೋದಾಮು, ಮೇಲೆ ಗಾಜಿನ ಆಫೀಸು. ಅಲ್ಲಿನ ಮ್ಯಾನೇಜರ್ ನನ್ನ ತಮ್ಮನ ಮಗನ ವಯಸ್ಸಿನವನು. ಗಡ್ಡ ಚೆನ್ನಾಗಿ ಕತ್ತರಿಸಿಕೊಂಡಿರುತ್ತಿದ್ದ, ಹಗ್ಗ ಕತ್ತರಿಸುವುದೆಂದರೆ ಮಾತ್ರ ಜೀವ ಹೋದಂತೆ ಆಡುತ್ತಿದ್ದ. ಏನು ಹೇಳಿದರೂ ಅವನದು ಒಂದೇ ತೆಲುಗು ಮಾತು, "ಏಂ ಕಾದು ಆಂಟೀ." ಏನೂ ಆಗುವುದಿಲ್ಲ ಆಂಟೀ. ಈಗಲೂ ರಸ್ತೆಯಲ್ಲಿ ಯಾರಾದರೂ ಈ ಮಾತು ಆಡಿದರೆ ನನ್ನ ಹಲ್ಲು ತಾನಾಗಿಯೇ ಕಡಿಯುತ್ತದೆ.

ಮೊದಲ ಜಗಳ ಫೋಟೋದಿಂದ ಬಂತು. ಹ್ಯಾಮಕ್ಕನ್ನು ಬಾಳೆಹಣ್ಣಿನ ಹಾಗೆ ಬಾಗಿಸಿ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ನೇರಕ್ಕೆ ಎಳೆದು ಕಟ್ಟಿದಷ್ಟೂ ಹಗ್ಗದ ಮೇಲೆ ಜಗ್ಗಾಟ ಹೆಚ್ಚು, ಮಲಗಿದವನ ತೂಕದ ಎಷ್ಟೋ ಪಟ್ಟು. ಆದರೆ ಬಾಗಿದ ಜೋಲಿ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ, ಮುದುಕರ ಹೊಟ್ಟೆಯ ಹಾಗೆ ಕಾಣುತ್ತದಂತೆ! ಮ್ಯಾನೇಜರ್ ಎಲ್ಲವನ್ನೂ ವೀಣೆಯ ತಂತಿಯಂತೆ ಬಿಗಿಸಿದ. ಬೇಡ ಎಂದೆ. ಏಂ ಕಾದು ಎಂದ. ಅದೇ ವಾರ ಒಬ್ಬ ದಪ್ಪನೆಯ ಹುಡುಗ ಮಲಗಿದ ಕೂಡಲೇ ಕೊಕ್ಕೆಯ ಹತ್ತಿರ ಹಗ್ಗ ಕಿತ್ತುಹೋಗಿ, ಅವನು ಹುಲ್ಲಿನ ಮೇಲೆ ಕುಂಡಿಯೂರಿ ಕೂತ. ಪೆಟ್ಟಾಗಲಿಲ್ಲ, ಅವನ ಗೆಳತಿ ನಕ್ಕದ್ದಷ್ಟೇ ಅವನಿಗೆ ನೋವು. ಕಂಪನಿ ಅವನಿಗೆ ಒಂದು ಟೀಶರ್ಟು ಕೊಟ್ಟು ಬಾಯಿ ಮುಚ್ಚಿಸಿತು. ನನ್ನ ವರದಿಯನ್ನು ಯಾರೂ ಓದಲಿಲ್ಲ.

ಮುಂದೆ ನನ್ನ ಪುಸ್ತಕ ಹೋಗಿ ಆ್ಯಪ್ ಬಂತು. ಪ್ರತಿ ಹಗ್ಗಕ್ಕೂ ನಾನು ಒಂದು ಪುಟ ಇಟ್ಟಿದ್ದೆ. ಯಾವ ಗುಡ್ಡಕ್ಕೆ ಹೋಗಿತ್ತು, ಮಳೆಯಲ್ಲಿ ನೆನೆಯಿತೋ, ಯಾವ ತುದಿಯ ಕಣ್ಣು, ಅಂದರೆ ಕುಣಿಕೆ, ಬಿಚ್ಚಿ ಮತ್ತೆ ಹೆಣೆದೆ, ಎಲ್ಲ ಅದರಲ್ಲಿತ್ತು. ಈಗ ಹಗ್ಗದ ಫೋಟೋ ತೆಗೆದರೆ ಸಾಕು, ಫೋನೇ ಹಸಿರು ಗುರುತು ಹಾಕುತ್ತದೆ ಎಂದರು. ಕೊಳೆಯಾದ ಒಳ್ಳೆಯ ಹಗ್ಗಕ್ಕೆ ಅದು ಕೆಂಪು ತೋರಿಸಿತು. ಫಳಫಳ ಹೊಳೆಯುವ ಸತ್ತ ಹಗ್ಗಕ್ಕೆ ಹಸಿರು. ಮ್ಯಾನೇಜರ್‌ಗೆ ಇದರಿಂದ ಹೊಳೆದ ಉಪಾಯ ಕೇಳಿ: ಹಗ್ಗಗಳನ್ನೆಲ್ಲ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿಸಿದ. ನೈಲಾನ್ ಹಗ್ಗಕ್ಕೆ ಅದು ವಿಷ. ಎಲ್ಲಕ್ಕೂ ಹಸಿರು ಬಂತು! ನಾನು ಆ ಕಟ್ಟನ್ನೆಲ್ಲ ತುಂಡು ಮಾಡಿ ಅವನ ಮೇಜಿನ ಮೇಲೆ ಸುರಿದೆ. ಅಂದಿನಿಂದ, ಹಗ್ಗ ಕತ್ತರಿಸುವ ಮುಂಚೆ ಮೇಲಿನವರ ಒಪ್ಪಿಗೆ ಬೇಕು ಎಂದು ಆದೇಶ ಬಂತು.

ಒಪ್ಪಿಗೆ ಬರುವ ತನಕ ಬೇಡವಾದ ಹಗ್ಗವನ್ನು ಗುರುತಿಸಬೇಕಲ್ಲ, ಅದಕ್ಕೆ ತುದಿಯಲ್ಲಿ ಕೆಂಪು ದಾರ ಕಟ್ಟತೊಡಗಿದೆ. ಕೆಂಪು ದಾರ ಇದ್ದದ್ದನ್ನು ಮುಟ್ಟಬಾರದು ಎಂದು ಗೋಡೆಯ ಮೇಲೆ ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆಸಿದೆ. ಕನ್ನಡದಲ್ಲಿ ಬರೆಸಲಿಲ್ಲ. ಅಲ್ಲಿ ಕನ್ನಡ ಓದುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಈಗ ಆ ಹಗ್ಗದ ವಿಷಯಕ್ಕೆ ಬರುತ್ತೇನೆ. ಹೊಚ್ಚಹೊಸ ಬಿಳಿ ನೈಲಾನ್ ಹಗ್ಗ, ಎರಡೇ ಸಲ ಗುಡ್ಡಕ್ಕೆ ಹೋಗಿ ಬಂದದ್ದು. ಸಾಮಾನು ಸಾಗಿಸುವ ಗಾಡಿಯಲ್ಲಿ ಬ್ಯಾಟರಿ ಮಗುಚಿ ಅದರ ಆಸಿಡ್ ಹಗ್ಗದ ಚೀಲಕ್ಕೆ ಇಳಿದಿತ್ತು. ಯಾರೋ ತೊಳೆದು ಒಣಗಿಸಿ ಸುಮ್ಮನೆ ಇಟ್ಟಿದ್ದರು. ನೋಡಲು ಏನೂ ಇಲ್ಲ. ಕೈಯಲ್ಲಿ ಎಳೆದಾಗ ಒಂದು ಕಡೆ ನನ್ನ ಬೆರಳು ನಿಂತಿತು. ತಿರುವಿ ಎಳೆ ಬಿಡಿಸಿದರೆ ಒಳಗಿನ ಎಳೆ ನೆನೆದ ಶ್ಯಾವಿಗೆಯಂತೆ ಉಗುರಿಗೆ ತುಂಡಾಯಿತು. ಮ್ಯಾನೇಜರನನ್ನು ಕರೆದು ತೋರಿಸಿದೆ. "ಇಷ್ಟು ಹೊಸ ಹಗ್ಗ ಬಿಸಾಡ್ತೀರಾ? ನಿಮಗೆ ಹಗ್ಗ ಕತ್ತರಿಸೋ ಹುಚ್ಚು ಆಂಟಿ" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಗೋದಾಮಿನವರೂ ನಕ್ಕರು.

ಆ ನಗು ನನಗೆ ಚುಚ್ಚಿತು. ಸೋಮವಾರ ಮಾಲೀಕರೇ ಗೋದಾಮು ನೋಡಲು ಬರುವವರಿದ್ದರು. ಅವರ ಎದುರಿಗೆ ಇದೇ ಹಗ್ಗವನ್ನು ಕೈಯಿಂದ ಕಿತ್ತು ತೋರಿಸಿ ಇವನ ಮುಖದ ನೀರಿಳಿಸುತ್ತೇನೆ ಎಂದು ತೀರ್ಮಾನಿಸಿದೆ. ಒಪ್ಪಿಗೆ ಗಿಪ್ಪಿಗೆ ನಾನು ಅದಕ್ಕೂ ಮುಂಚೆ ಎಷ್ಟೋ ಸಲ ಲೆಕ್ಕಿಸಿರಲಿಲ್ಲ, ಅವತ್ತೂ ಕತ್ತರಿ ನನ್ನ ಕೈಯಲ್ಲೇ ಇತ್ತು. ಕತ್ತರಿಸಲಿಲ್ಲ. ಕೆಂಪು ದಾರ ಕಟ್ಟಿ, ಸುತ್ತಿ, ನನ್ನ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿ, ತಂಗಿಯ ಮಗಳ ಮದುವೆಗೆಂದು ಬೀದರಿಗೆ ಹೋದೆ. ಮದುವೆಯ ಊಟದ ಪಂಕ್ತಿಯಲ್ಲಿ ಕೂತು ಕೂಡ ಸೋಮವಾರ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಸೋಮವಾರ ಬೆಳಿಗ್ಗೆ ಗೋದಾಮಿಗೆ ಬಂದರೆ ಮೊಳೆ ಖಾಲಿ. ಕೆಂಪು ದಾರ ಕಟ್ಟಿ ಒಪ್ಪಿಗೆಗೆ ಕಾದಿಟ್ಟಿದ್ದ ಹಗ್ಗಗಳ ಮೂಟೆಯೂ ಇಲ್ಲ. ಫೋನು ತೆರೆದರೆ ಆಫೀಸಿನ ಗುಂಪಿನಲ್ಲಿ ಫೋಟೋಗಳ ರಾಶಿ. ಶನಿವಾರ ಸಮಾಜಸೇವೆಯ ದಿನವಂತೆ. ಪಕ್ಕದ ನಿವೇಶನದಲ್ಲಿ ಕಟ್ಟಡ ಕಟ್ಟುತ್ತಿದ್ದ ಕೂಲಿಯವರ ಮಕ್ಕಳಿಗೆ ಜೋಲಿ ಕಟ್ಟಿಕೊಳ್ಳಲು ಹಳೆಯ ಹ್ಯಾಮಕ್ಕು, ಹಗ್ಗ ಹಂಚಿದ್ದರು. ಒಂದು ಫೋಟೋದಲ್ಲಿ ಮ್ಯಾನೇಜರ್ ನಗುತ್ತ ಹಗ್ಗ ಕೊಡುತ್ತಿದ್ದಾನೆ, ಮಗುವನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸೊಬ್ಬಳು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಾಳೆ. ಬಿಳಿ ಹಗ್ಗ. ತುದಿಯಲ್ಲಿ ನನ್ನ ಕೆಂಪು ದಾರ.

ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದೆ. ಕೂಲಿಯವರು ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು. ಕನ್ನಡದಲ್ಲಿ ಕಿರುಚಿದ್ದಕ್ಕೆ ತಟ್ಟನೆ ಕೆಲಸ ನಿಲ್ಲಿಸಿದರು. ಎಲ್ಲ ಹಗ್ಗ ಬಿಚ್ಚಿಸಿ ರಾಶಿ ಹಾಕಿಸಿದೆ. ಬಿಳಿಯದು ಇರಲಿಲ್ಲ. ಫೋಟೋ ತೋರಿಸಿದೆ.

"ಇಕಿ ಮಲ್ಲಮ್ಮ ಅದಾಳ್ರಿ, ದೇವದುರ್ಗದಕಿ" ಎಂದಳು ಒಬ್ಬ ಮುದುಕಿ. "ನಿನ್ನೆ ಮೇಸ್ತ್ರಿ ಇವ್ರ ಮಂದಿನ ನಾನಕ್‌ರಾಮ್‌ಗುಡಾದ ಬಿಲ್ಡಿಂಗಿಗೆ ಕಳಿಸ್ಯಾನ್ರಿ. ಯಾಕ್ರಿ ಯವ್ವಾ, ಹಗ್ಗ ಕೊಟ್ಟು ಹೊಳ್ಳಿ ಕಸ್ಕೊಂತೀರೇನು?"

ಮೇಸ್ತ್ರಿಯ ನಂಬರ್ ತೆಗೆದುಕೊಂಡು ಆಟೋ ಹತ್ತಿದೆ. ಅವನು ಫೋನು ಎತ್ತಲಿಲ್ಲ. ಆಟೋದವನಿಗೆ ಬೇಗ ಬೇಗ ಎಂದು ಎಷ್ಟು ಸಲ ಹೇಳಿದೆನೋ, ಕೊನೆಗೆ ಅವನು ಗಾಡಿ ನಿಧಾನ ಮಾಡಿ ಹಿಂತಿರುಗಿ ನೋಡಿದ. ಆ ನಿವೇಶನದ ಗೇಟಿನ ಬಳಿ ಇಳಿದಾಗ ಒಳಗೆ ಹೆಂಗಸರು ಗುಂಪುಗೂಡಿದ್ದರು. ಜಲ್ಲಿಕಲ್ಲಿನ ರಾಶಿಯ ಪಕ್ಕದಲ್ಲಿ ಕಬ್ಬಿಣದ ಕಂಬಿಯಿಂದ ಬಿಳಿ ಹಗ್ಗದ ಮೊಳದುದ್ದದ ಚೂರು ನೇತಾಡುತ್ತಿತ್ತು. ಉಳಿದದ್ದು ಕೆಳಗೆ ಬಿದ್ದಿತ್ತು. ನಾನು ಅರ್ಧ ಗಂಟೆ ತಡವಾಗಿದ್ದೆ.

ಮಗುವಿನ ಹೆಸರು ರೇಣುಕಾ, ಒಂದು ವರ್ಷ ತುಂಬಿರಲಿಲ್ಲ. ಹುಬ್ಬು ಸೀಳಿತ್ತು, ಎಡ ಹೆಗಲಿನ ಎಲುಬು ಮುರಿದಿತ್ತು. ಅದೇ ಆಟೋದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಕೂಸು ಮೊದಲು ಅಳುತ್ತಿತ್ತು, ದಾರಿಯಲ್ಲಿ ಸುಮ್ಮನಾಯಿತು. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರ್ ಹೇಳುವವರೆಗೆ ಮಲ್ಲಮ್ಮ ನಿಂತೇ ಇದ್ದಳು. ಹೇಳಿದ ಮೇಲೆ ಗೋಡೆಗೆ ಒರಗಿ ಕೂತಳು.

ಆ ಹಗ್ಗ ನನ್ನ ಗೋದಾಮಿನದು ಎಂದು ನಾನು ಹೇಳಿದೆ. ಅವಳು ನನ್ನ ಮುಖ ನೋಡಿದಳು.

"ಮೂಟಿ ತುಂಬ ಹಗ್ಗ ಇದ್ವು ಅಕ್ಕಾರ. ಈ ಹಗ್ಗಕ್ಕ ಕೆಂಪು ದಾರ ಕಟ್ಟಿದ್ದು ಎದ್ದು ಕಾಣಾಕತ್ತಿತ್ತು, ಉಳದವು ಹಳೇವು, ದಾರ ಮಾಸಿ ಕರ್ರಗ ಆಗಿದ್ವು. ಯಾರೋ ಪೂಜಿ ಮಾಡಿ ಕಟ್ಯಾರ, ಕೂಸಿಗೆ ಚೊಲೋ ಆಕೈತಿ ಅಂತ ನಾನ ಆರಿಸಿ ತಗೊಂಡೆ."

ನನ್ನ ಜೀವಮಾನದಲ್ಲಿ ನನಗೆ ಯಾರೂ ಅಂಥ ಏಟು ಕೊಟ್ಟಿಲ್ಲ. ಅವಳು ಏಟು ಕೊಡಬೇಕೆಂದು ಹೇಳಿದ್ದೂ ಅಲ್ಲ. ಗುಡಿಯಲ್ಲಿ ಕೈಗೆ ಕಟ್ಟುವ ದಾರ ಕೆಂಪು, ಆಯುಧಪೂಜೆಯಲ್ಲಿ ಯಂತ್ರಕ್ಕೆ ಕಟ್ಟುವುದೂ ಕೆಂಪು. ನಾನೂ ಅದೇ ನೀರು ಕುಡಿದು ಬೆಳೆದವಳು, ನನಗೆ ಇದು ಹೊಳೆಯಬಾರದಿತ್ತೇ? ಸಾವಿನ ಗುರುತಿಗೆ ನಾನು ಆ ದಾರವನ್ನೇ ಆರಿಸಿಕೊಂಡಿದ್ದೆ.

ಆಫೀಸಿನಲ್ಲಿ ಮ್ಯಾನೇಜರನೂ ಅದನ್ನೇ ಹೇಳಿದ, ಪೂಜೆಯ ದಾರ ಎಂದುಕೊಂಡೆ ಎಂದು. ಗೋಡೆಯ ಬರಹ ಅವನಿಗೆ ಓದಲು ಬರುತ್ತಿತ್ತು. ಅವನದು ಸುಳ್ಳು, ಮಲ್ಲಮ್ಮನದು ನಿಜ. ಆಮೇಲೆ ನನ್ನ ಮುಂದೆ ಒಂದು ಟೈಪ್ ಮಾಡಿದ ಹಾಳೆ ಇಟ್ಟರು. ಬಟ್ಟೆ ಒಣಹಾಕಲು ಮಾತ್ರ ಬಳಸಬೇಕು ಎಂದು ಹೇಳಿಯೇ ಹಗ್ಗ ಕೊಡಲಾಗಿತ್ತು, ತಾಯಿ ತಪ್ಪಾಗಿ ಬಳಸಿದಳು, ಎಂದಿತ್ತು ಅದರಲ್ಲಿ. ಕೆಳಗೆ ನನ್ನ ಸಹಿಗೆ ಜಾಗ. ತಾಯಿಯ ಮೇಲೆ! ಜಲ್ಲಿ ಹೊತ್ತು, ಕಣ್ಣಳತೆಯಲ್ಲಿರಲಿ ಎಂದು ಕೂಸನ್ನು ಕಂಬಿಗೆ ತೂಗುಹಾಕಿಕೊಂಡು ಊರಿನ ಕಟ್ಟಡ ಎಬ್ಬಿಸುವವಳ ಮೇಲೆ!

"ಸಹಿ ಮಾಡಿ ಆಂಟೀ, ಏಂ ಕಾದು" ಎಂದ ಮ್ಯಾನೇಜರ್.

ಹಾಳೆಯನ್ನು ಗೇಣುದ್ದದ ಪಟ್ಟಿಗಳಾಗಿ ಹರಿದೆ. ಬೇರೆ ಹಾಳೆ ತೆಗೆದುಕೊಂಡು ನನ್ನ ಕೈಯಿಂದಲೇ ಬರೆದೆ. ಹಗ್ಗ ಕೆಟ್ಟದ್ದೆಂದು ನನಗೆ ಗೊತ್ತಿತ್ತು, ಮ್ಯಾನೇಜರ್‌ಗೂ ತೋರಿಸಿದ್ದೆ, ಅವನು ಅದನ್ನು ಕೇಳದೆ ಒಯ್ದು ಹಂಚಿದ. ಕತ್ತರಿಸುವ ಕೆಲಸ ನನ್ನದು, ಜಗಳ ಗೆಲ್ಲುವ ಆಸೆಗೆ ಬಿದ್ದು ನಾನು ಕತ್ತರಿಸಲಿಲ್ಲ. ಇಷ್ಟೇ ಬರೆದದ್ದು. ಒಂದು ಪ್ರತಿ ಮಾಲೀಕರಿಗೆ, ಒಂದು ಪೊಲೀಸ್ ಠಾಣೆಗೆ, ಒಂದು ಮಲ್ಲಮ್ಮನ ಗಂಡನ ಕೈಗೆ. ಕಂಪನಿ ಆಸ್ಪತ್ರೆಯ ಖರ್ಚು ಕೊಟ್ಟಿತು. ಮ್ಯಾನೇಜರ್ ಬೇರೆ ಕಂಪನಿಗೆ ಹೋದ, ಅಲ್ಲೂ ಅವನೇ ಮ್ಯಾನೇಜರ್. ನನ್ನನ್ನು ತೆಗೆದುಹಾಕುತ್ತಾರೆ ಎಂದುಕೊಂಡೆ, ತೆಗೆಯಲಿಲ್ಲ. ಹಗ್ಗ ನೋಡಲು ಬರುವವರು ಇನ್ನೊಬ್ಬರು ಸಿಗಲಿಲ್ಲವಷ್ಟೆ. ನಿವೃತ್ತಿಯ ತನಕ ಯಾರ ಒಪ್ಪಿಗೆಯನ್ನೂ ಕೇಳದೆ, ಬೇಡವಾದ ಪ್ರತಿ ಹಗ್ಗವನ್ನು ಎದ್ದು ನಿಲ್ಲುವ ಮುಂಚೆ ತುಂಡು ಮಾಡಿದೆ. ಬೀಳ್ಕೊಡುಗೆಯ ದಿನ ಯಾರೋ ಕೇಕಿಗೆ ಕೆಂಪು ರಿಬ್ಬನ್ ಕಟ್ಟಿ ತಂದಿದ್ದರು. ಆ ಕೇಕನ್ನು ನಾನು ಮುಟ್ಟಲಿಲ್ಲ.

ಮಲ್ಲಮ್ಮ ಊರಿಗೆ ಹೋಗಿದ್ದಳು. ನಿವೃತ್ತಿಯಾಗಿ ಕೆಲವು ತಿಂಗಳ ಮೇಲೆ ಅವಳಿಂದ ಫೋನ್ ಬಂತು. ಮತ್ತೆ ಹೈದರಾಬಾದಿಗೆ ಬಂದಿದ್ದಾಳೆ, ಗಂಡುಕೂಸಾಗಿದೆ, ಮೂರು ತಿಂಗಳು.

"ಜೋಳಿಗಿ ಕಟ್ಟಾಕ ಹಗ್ಗ ಬೇಕಿತ್ರಿ ಅಕ್ಕಾರ. ಸೀರಿ ಐತಿ, ಮ್ಯಾಲ ತೊಲಿಗೆ ಮುಟ್ಟವಲ್ಲದು."

ನನ್ನನ್ನೇ ಯಾಕೆ ಕೇಳುತ್ತೀಯ ಎಂದು ಬಾಯಿಗೆ ಬಂತು. ಅವಳೇ ಹೇಳಿದಳು: "ನೀವು ಬರದು ಕೊಟ್ಟ ಚೀಟಿ ನಮ್ಮ ಮನ್ಯಾಗ ಐತ್ರಿ. ತಪ್ಪು ತಮ್ದ ಅಂತ ತಾವ ಬರಕೊಟ್ಟವ್ರು ಈ ಊರಾಗ ನೀವ ಒಬ್ರ."

ಸಿಕಂದರಾಬಾದಿಗೆ ಹೋಗಿ ಹೊಸ ಹಗ್ಗ ತಂದೆ. ಮನೆಯಲ್ಲಿ ಎರಡು ದಿನ ಕೂತು ಎರಡೂ ತುದಿಗೆ ಕಣ್ಣು ಹೆಣೆದೆ. ಗೇಣು ಗೇಣಿಗೂ ಬೆರಳಾಡಿಸಿದೆ, ಎಳೆ ಬಿಡಿಸಿ ನೋಡಿದೆ. ಒಯ್ದು ಅವಳ ತಗಡಿನ ಶೆಡ್ಡಿನಲ್ಲಿ ತೊಲೆಗೆ ಕಟ್ಟಿ, ಕಬ್ಬಿಣದ ಅಂಚು ತಾಗದಂತೆ ಕೆಳಗೆ ಗೋಣಿಯ ಮಡಿಕೆ ಕೊಟ್ಟೆ. ಅವಳು ಹಗ್ಗವನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ದಾರ ಹುಡುಕುತ್ತಿದ್ದಾಳೆಂದು ನನಗೆ ತಿಳಿಯಿತು. ಸೀರೆಯ ಜೋಲಿ ಕಟ್ಟಿಯಾಯಿತು. ರೇಣುಕಾ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು, ಎಡ ಹೆಗಲು ಸ್ವಲ್ಪ ಇಳಿದಿತ್ತು, ಕರೆದರೂ ಹತ್ತಿರ ಬರಲಿಲ್ಲ. ನಾನು ಕೂಸನ್ನು ಮಲಗಿಸಲು ಕೈ ಚಾಚಿದೆ.

ಮಲ್ಲಮ್ಮ ಕೊಡಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಮೊದಲ ನೀವು ಕುಂದರ್ರಿ ಅಕ್ಕಾರ."

ಎಷ್ಟೋ ಸಾವಿರ ಹಗ್ಗಗಳನ್ನು ಹೋಗಬಹುದು ಎಂದು ಕಳಿಸಿದವಳು ನಾನು. ಉಸ್ತಾದರು ಜೋತುಬಿದ್ದದ್ದನ್ನು ನೋಡಿ ನಕ್ಕವಳು. ನನ್ನ ತೂಕವನ್ನು ಒಂದು ಹಗ್ಗಕ್ಕೂ ಒಮ್ಮೆಯೂ ಕೊಟ್ಟಿರಲಿಲ್ಲ. ಅಮೀರ್‌ಪೇಟೆಯ ಮಕ್ಕಳೇ, ನಿಮ್ಮ ಪರದೆಯ ಮೇಲೆ ಈ ಪಾಠ ಇಲ್ಲ, ಅದಕ್ಕೇ ನನಗೆ ಇಷ್ಟು ಸಿಟ್ಟು.

ಚಪ್ಪಲಿ ಬಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ಜೋಲಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಕೂತು, ಕಾಲು ಮೇಲೆತ್ತಿದೆ. ತೊಲೆ ಕಿರ್ ಎಂದಿತು. ಹಗ್ಗ ಹಿಡಿಯಿತು. ಇಳಿಯಲು ಹೋದರೆ ಮಲ್ಲಮ್ಮ ಇನ್ನೂ ಬೇಡ ಎಂದು ತಲೆಯಾಡಿಸಿದಳು. ಮೂಲೆಯಿಂದ ರೇಣುಕಾ ಬಂದು, ನನ್ನ ಮೊಣಕಾಲಿಗೆ ಬಲಗೈ ಹಚ್ಚಿ, ಶಕ್ತಿಯಿದ್ದಷ್ಟೂ ತೂಗಿದಳು. ಆಮೇಲೆ ನಾನು ಇಳಿದೆ, ಮಲ್ಲಮ್ಮ ಕೂಸನ್ನು ಮಲಗಿಸಿದಳು.